ಮಚ್ಚೆಯ ಮೇಲಿನ ಬೆಳಕು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಮುನಿಸಿಕೊಳ್ಳಬೇಡ. ನಿನ್ನ ದನಿ ಕೇಳಿದರೆ ಎಲ್ಲದಕ್ಕೂ "ಹೂಂ ಅಕ್ಕ" ಎಂದುಬಿಡುತ್ತೇನೆ, ಅದು ನಿನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಭಾವ ಈ ಕಡೆ ಬರುತ್ತಾರಂತಲ್ಲ, ಅವರ ಕೈಯಲ್ಲಿ ಕಳಿಸುತ್ತೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸ್ಟುಡಿಯೋದಲ್ಲಿ ಎಸಿ ಕೆಟ್ಟು, ಕಿಟಕಿ ತೆರೆದು ಕೂತಿದ್ದೇವೆ. ಬಿಸಿಲು ನೇರ ಸ್ಕ್ರೀನಿನ ಮೇಲೆ ಬಿದ್ದು ಯಾರ ಮುಖ ಯಾವ ಬಣ್ಣವೋ ತಿಳಿಯುವುದಿಲ್ಲ. ಸ್ಟುಡಿಯೋ ಯಜಮಾನರದು ಅದೇ ರಾಗ: "ಮೇಡಂ, ಮುಖಕ್ಕೆ ಇನ್ನೊಂಚೂರು ಹಾಲು ಹಾಕಿ." ಹಾಲು ಎಂದರೆ ನಮ್ಮಲ್ಲಿ ಆ ಮೃದುವಾದ ಹೊಳಪು. ನೀನು "ನಂಗೊಂದು ಸ್ವಲ್ಪ ಲೈಟ್ ಹಾಕೇ" ಎನ್ನುತ್ತೀಯಲ್ಲ, ಅದೇ.

ನಿನ್ನ ದವಡೆಯ ಮಚ್ಚೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ, "ಹುಟ್ಟಿದಾಗಿನಿಂದ ಇರೋ ಮಚ್ಚೆ, ಬೇಕಾದ್ರೆ ಫೋಟೋ ತೋರಿಸ್ತೀನಿ" ಎಂದು ಎದ್ದು ಬಂದೆಯಂತೆ. ಭಾವ ಹೇಳಿದರು. "ನಿಮ್ಮಕ್ಕ ಆಸ್ಪತ್ರೇಲೂ ವಾದ ಮಾಡಿ ಗೆದ್ದು ಬಂದ್ಲು" ಎಂದು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನಿನ್ನ ಮೆಸೇಜ್ ಬಂತು: "ಆಲ್ಬಮ್ ಪೂರ್ತಿ ನೋಡಿದೆ ಕಣೇ, ಎಲ್ಲದರಲ್ಲೂ ಮಚ್ಚೆ ಅಷ್ಟೇ ಇದೆ! ದೊಡ್ಡದಾಗಿ ಪ್ರಿಂಟ್ ಹಾಕಿ ಕಳಿಸು, ನಾಳೆ ಅವರ ಮೇಜಿನ ಮೇಲೆ ಹಾಕ್ತೀನಿ."

ಪ್ರಿಂಟ್ ಕಳಿಸುತ್ತಿಲ್ಲ ಅಕ್ಕ. ಆ ಫೋಟೋಗಳನ್ನು ನಂಬಬೇಡ.

ನಾನು ಮಾಡುವುದು ಇಷ್ಟು. ಫೋಟೋದ ಮೇಲೆ ಅದರದೇ ಇನ್ನೊಂದು ಪ್ರತಿಯನ್ನು ಪದರದ ಹಾಗೆ ಇಟ್ಟು, ಮೇಲಿನದನ್ನು ಪೂರ್ತಿ ಮಸುಕು ಮಾಡುತ್ತೇನೆ. ಬೆಳಕಿರುವ ಕಡೆಯಿಂದ ಬೆಳಕು ಪಕ್ಕಕ್ಕೆ ಹರಿದು ಸುಕ್ಕು, ಕಲೆ, ಆಯಾಸ ಎಲ್ಲದರ ಮೇಲೂ ಕೂರುತ್ತದೆ. ಆಮೇಲೆ ಅದನ್ನು ತೆಳುವಾಗಿಸಿ, ಕಣ್ಣು ತುಟಿಗಳ ಮೇಲಿಂದ ಒರೆಸುತ್ತೇನೆ. ಇಲ್ಲದಿದ್ದರೆ ಎಲ್ಲರೂ ಈಗಷ್ಟೇ ನಿದ್ದೆಯಿಂದ ಎದ್ದವರಂತೆ ಕಾಣುತ್ತಾರೆ. ನಿನ್ನದಾದರೆ ಮಚ್ಚೆಯ ಮೇಲಿಂದಲೂ ಒರೆಸುತ್ತೇನೆ. ಅದಿಲ್ಲದೆ ನೀನು ನೀನಾಗುವುದಿಲ್ಲ. ಆದರೂ ಅದರ ಅಂಚನ್ನು ಆ ಬೆಳಕು ತಿನ್ನುತ್ತದೆ. ಗಾತ್ರ ಅಷ್ಟೇ ಇದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಮೂಲ ಫೋಟೋಗಳನ್ನಾದರೂ ಕೊಡು ಎನ್ನುತ್ತೀಯ. ಅವು ಇಲ್ಲ. ಗಿರಾಕಿಗಳದಾದರೆ ಮೂಲವನ್ನು ಬೇರೆ ಇಡುತ್ತೇನೆ, ಹೊಸಬರು ಮರೆತರೆ ಬೈಯುತ್ತೇನೆ. ಮನೆಯವರದಲ್ಲವೇ ಎಂದು ನಿನ್ನವನ್ನೆಲ್ಲ ಮೂಲದ ಮೇಲೆಯೇ ತಿದ್ದಿ ಉಳಿಸಿದೆ. ನೀನೋ, "ಬೇರೆಯವರು ತೆಗೆದ್ರೆ ನಾನು ನಮ್ಮತ್ತೆ ಥರ ಕಾಣ್ತೀನಿ" ಎಂದು ಇನ್ನೊಬ್ಬರ ಕ್ಯಾಮೆರಾ ಎದುರು ನಿಂತವಳೇ ಅಲ್ಲ. ಭಾವನ ಫೋನಿನಲ್ಲಿ ಹುಡುಕಿಸಿದೆ. ಊಟದ ತಟ್ಟೆಗಳು ಮತ್ತು ನಿನ್ನ ಬೆನ್ನು ಬಿಟ್ಟು ಬೇರೇನೂ ಸಿಗಲಿಲ್ಲ.

ಅದಕ್ಕೇ ನಾಳೆ ಬರಿಗೈಯಲ್ಲಿ ಹೋಗು. ವಾದ ಮಾಡಬೇಡ. ಡಾಕ್ಟರಮ್ಮ ತೆಗೆಯುತ್ತೇನೆಂದರೆ ತೆಗೆಯಲಿ. ನಾನೂ ರಜೆ ಹಾಕಿ ಬರುತ್ತೇನೆ, ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ನನ್ನ ಮುಖ ನೋಡಬೇಕು ಅನ್ನಿಸದಿದ್ದರೆ ನೋಡಬೇಡ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದ. ಕೆಲಸ ಸಿಕ್ಕಿತೆಂದು ಊಟ ಬಿಟ್ಟು ಓಡಾಡಬೇಡ ಎಂದು ಹೇಳು. ನನ್ನನ್ನೂ ಹರಸು, ಮನಸ್ಸಾದರೆ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಂಚನ್ನು ಬೆಳಕು ತಿನ್ನುತ್ತದೆ ಎಂದು ಬರೆದೆನಲ್ಲ, ತಿನ್ನುವುದು ಕೂದಲೆಳೆಯಷ್ಟು ಮಾತ್ರ. ಪುಟ್ಟಿ ಪದವಿ ತೆಗೆದುಕೊಂಡ ದಿನದ ಫೋಟೋದಲ್ಲಿ, ಮಚ್ಚೆಯ ಮೇಲಿನ ಪದರ ಒರೆಸಿದಾಗ ಕೆಳಗೆ ಕಂಡದ್ದು ನನಗೆ ಗೊತ್ತಿದ್ದ ಮಚ್ಚೆಯಾಗಿರಲಿಲ್ಲ. ಒಂದು ಬದಿ ಕಿವಿಯತ್ತ ಹರಡಿತ್ತು, ಬಣ್ಣ ಎರಡಾಗಿತ್ತು. ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದೆ. ಅಕ್ಕ ಕಂಡರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡೆ, ಅಷ್ಟೇ. ಹಳೆಯ ಫೋಟೋದಿಂದ ಹಳೆಯ ಮಚ್ಚೆಯನ್ನು ತಂದು ಅದರ ಮೇಲೆ ಕೂರಿಸಿದೆ. ಆಮೇಲಿನ ಎಲ್ಲ ಫೋಟೋಗಳಲ್ಲೂ ಅದನ್ನೇ ಕೂರಿಸಿದೆ. "ನಿನ್ನ ಕೈ ಬಂಗಾರ ಕಣೇ" ಎಂದು ನೀನು ಫೋನ್ ಮಾಡಿದೆ. ಆಗಲಾದರೂ ಹೇಳಬಹುದಿತ್ತು. ಹೂಂ ಅಕ್ಕ, ಅಂದೆ. ಈ ಸಾಲುಗಳನ್ನು ಡಾಕ್ಟರಮ್ಮನಿಗೆ ತೋರಿಸು. ಮಚ್ಚೆ ಬೆಳೆದಿದೆ. ನಿನಗಿಂತ ಮೊದಲು ಅದನ್ನು ನೋಡಿದವಳು ನಾನು.