ಬ್ಯಾಟರಿಯ ಮೇಲಿನ ವಿಭೂತಿ

ಶಹಾಪುರ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಭಾಗಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ನಾಗರತ್ನಾ ಹೊಟ್ಟೆತುಂಬ ಉಣ್ಣುತ್ತಾಳೋ ಇಲ್ಲವೋ? ಕೂಸಿನ ನೆಗಡಿ ಇಳಿಯಿತೆ? ನಾನು ಆರಾಮ. ಮದುವೆಯಾದಾಗಿನಿಂದ ಒಂದೂ ಕಾಗದ ಬರೆಯದವನು ಈಗೇಕೆ ಬರೆದ ಎನ್ನಬೇಡ. ಫೋನು ಮಾಡಿದರೆ ಅಳಿಯ ಸ್ಪೀಕರ್ ಹಾಕಿಬಿಡುತ್ತಾನೆ. ನನ್ನ ಹೆಂಡತಿಗೆ ಹೇಳುವ ಮಾತನ್ನು ನಾರಾಯಣಪುರದ ಕ್ವಾರ್ಟರ್ಸಿನವರೆಲ್ಲ ಏಕೆ ಕೇಳಬೇಕು?

ಮಗಳ ಬಾಣಂತನಕ್ಕೆಂದು ನೀನು ಹೋದದ್ದು ಸರಿ, ನಾನೇ ಕಳಿಸಿದೆ. ಆದರೆ ಮೊನ್ನೆ ಫೋನಿನಲ್ಲಿ, 'ಅಳಿಯಂದ್ರ ಹೊಸಾ ಗಾಡ್ಯಾಗ ಕುಂತ್ರ ಹೊಟ್ಯಾನ ನೀರು ಅಲ್ಲಾಡಂಗಿಲ್ಲ ನೋಡ್ರಿ, ಸೋಮವಾರ ಅವರೇ ತಂದು ಬಿಡ್ತಾರಂತ' ಎಂದೆಯಲ್ಲ, ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನಮ್ಮ ಅಂಬಾಸಿಡರ್ ಸುರಪುರದ ಏರಿನಲ್ಲಿ ಏದುಸಿರು ಬಿಡುತ್ತದೆ, ನಿಜ. ಆದರೆ ನಾಗರತ್ನಾ ಹುಟ್ಟುವಾಗ ನಿನ್ನನ್ನು ಯಾದಗಿರಿ ಆಸ್ಪತ್ರೆಗೆ ಒಯ್ದದ್ದು ಯಾವ ಗಾಡಿ? ಅವತ್ತು ಈ ಅಳಿಯ ಸುನೀಲಕುಮಾರ ಎಲ್ಲಿದ್ದ? ಹೌದು, ನನಗೆ ಹೊಟ್ಟೆಕಿಚ್ಚು. ಅಳಿಯನ ಮೇಲೂ, ಅವನ ಗಾಡಿಯ ಮೇಲೂ, ದಿನವಿಡೀ ನಿನ್ನ ತೊಡೆಯ ಮೇಲೆ ಮಲಗುವ ಆ ಕೂಸಿನ ಮೇಲೂ. ಈ ವಯಸ್ಸಿನಲ್ಲಿ ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ನಾನೇ ಬಂದು ಕರೆತರಬೇಕೆಂದುಕೊಂಡು, ಗಾಡಿ ಹೇಗಿದೆ ನೋಡೋಣವೆಂದು ಇಂದು ಬೆಳಗ್ಗೆ ಚಾವಿ ತಿರುಗಿಸಿದರೆ ಗಾಡಿ ಟಕ್ ಎಂದು ಸುಮ್ಮನಾಯಿತು. ಬಾನೆಟ್ ಎತ್ತಿದೆ. ಬ್ಯಾಟರಿಗೆ ವಯರು ಕಚ್ಚಿಸುವ ಎರಡೂ ಕ್ಲಿಪ್ಪುಗಳ ಮೇಲೆ ಬೆಳ್ಳನೆಯ ಪುಡಿ. ಅದು ನನಗೆ ಹೊಸದಲ್ಲ. ಅಮಾವಾಸ್ಯೆಗೆ ಗಾಡಿಯ ಪೂಜೆ ಮಾಡುವಾಗ 'ಇದರ ಜೀವ ಇಲ್ಲೇ ಅದ' ಎಂದು ನೀನು ಬ್ಯಾಟರಿಗೂ ಮೂರು ಬೆರಳಿನ ವಿಭೂತಿ ಎಳೆಯುತ್ತೀಯಲ್ಲ, ಅದೇ ಇದು ಎಂದುಕೊಂಡಿದ್ದೆ. ನೀನು ಹೋದ ಮೇಲೆ ಒರೆಸಲು ಮನಸ್ಸಾಗಲಿಲ್ಲ. ಒಂದು ದಿನ ಚಿಟಿಕೆ ತೆಗೆದು ಹಣೆಗೂ ಹಚ್ಚಿಕೊಂಡೆ. ಚುರುಚುರು ಉರಿಯಿತು. ಅಷ್ಟು ದೂರ ಹೋದರೂ ಇವಳ ಸಿಟ್ಟು ಇಳಿದಿಲ್ಲ ಎಂದುಕೊಂಡು ಮುಖ ತೊಳೆದೆ.

ಗಾಡಿಗಳ ವಯರಿಂಗ್ ಮಾಡುವ ಹಾಶಿಮನನ್ನು ಕರೆಸಿ, ವಿಭೂತಿ ಅಳಿಸದಂತೆ ರಿಪೇರಿ ಮಾಡಪ್ಪ ಎಂದೆ. ಅವನು ಬಿದ್ದುಬಿದ್ದು ನಕ್ಕ. 'ಕಾಕಾ, ಇದು ವಿಭೂತಿ ಅಲ್ರಿ, ಬ್ಯಾಟರಿ ಆಸಿಡ್ ಉಗುಳ್ಯಾದ. ಕ್ಲಿಪ್ಪು ಪೂರಾ ತಿಂದು ಹಾಕ್ಯಾದ' ಎಂದ. ಹಳೆಯ ಕ್ಲಿಪ್ಪು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ವಯರಿನ ತುದಿ ಕೆರೆದು, ಹೊಸ ಹಿತ್ತಾಳೆ ಕ್ಲಿಪ್ಪು ಬಿಗಿದು ಗ್ರೀಸ್ ಸವರಿದ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಆದರೆ ನಿನ್ನ ಬೆರಳಿನದೆಂದು ನಾನು ಕಾಯ್ದುಕೊಂಡದ್ದೆಲ್ಲ ಸೋಡಾ ನೀರಿನೊಂದಿಗೆ ಗಟಾರಕ್ಕೆ ಹೋಯಿತು. ಬೇಜಾರಾಯಿತು, ನಗಬೇಡ.

ನಾಗರತ್ನಾಳಿಗೂ ಕೂಸಿಗೂ ನನ್ನ ಆಶೀರ್ವಾದ. ಅಬ್ಬೆತುಮಕೂರಿನ ಮಠದ ಅಪ್ಪನವರು ಎಲ್ಲರನ್ನೂ ಚೆನ್ನಾಗಿಡಲಿ. ಅಳಿಯಂದಿರಿಗೂ ನಮಸ್ಕಾರ ತಿಳಿಸು, ನೆನಪಾದರೆ.

ನಿನ್ನ
ಶಾಂತಪ್ಪ

ತಾ.ಕ.: ನಾರಾಯಣಪುರದ ಬಸ್ಸು ಹೊರಟಿದೆ, ಕಾಗದಕ್ಕಾಗಿ ಕಂಡಕ್ಟರ್ ಕೈಚಾಚಿ ನಿಂತಿದ್ದಾನೆ. ಭಾನುವಾರವೇ ಬರುತ್ತೇನೆ, ಅಳಿಯಂದಿರಿಗೆ ತೊಂದರೆ ತೆಗೆದುಕೊಳ್ಳಬೇಡಿ ಎನ್ನು. ಕೂಸನ್ನು ಬಿಟ್ಟು ಬರುವಾಗ ನಿನಗೆ ಅಳು ಬರುತ್ತದೆ, ಗೊತ್ತು. ದಾರಿಯಲ್ಲಿ ಹುಣಸಗಿ ಬರುವ ತನಕ ಅತ್ತುಬಿಡು, ನಾನೇನೂ ಅನ್ನುವುದಿಲ್ಲ. ಆಮೇಲೆ ಮಾತ್ರ ನನ್ನ ಕಡೆ ನೋಡು.