ಹತ್ತಿರಕ್ಕೂ ಬರುವುದಿಲ್ಲ ಎಂದಿದ್ದೆ

ದಂಡಿಗನಹಳ್ಳಿ
೨೯ ಜನವರಿ ೨೦೨೨

ಪ್ರೀತಿಯ ಮನು ಅಣ್ಣನಿಗೆ,

ತಂಗಿ ಸೌಜನ್ಯಳ ನಮಸ್ಕಾರ. ಗಡಿಯ ಆ ಹಿಮದಲ್ಲಿ ಹೇಗಿದ್ದೀಯ? ಕಿವಿನೋವು ವಾಸಿಯಾಯಿತೇ? ಹದಿನೈದು ದಿನದಿಂದ ನಿನ್ನ ಫೋನ್ ಸಿಗುತ್ತಿಲ್ಲ. ರಜೆ ಮುಗಿಸಿ ಹೊರಟಿರುವ ನಿನ್ನ ಜೊತೆಗಾರ, ಅರಕಲಗೂಡಿನ ಕುಮಾರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಪ್ಪ ಈಗ ಚೆನ್ನಾಗಿದ್ದಾರೆ. ಅದನ್ನು ಮೊದಲೇ ಹೇಳಿದ್ದೇನೆ, ಗಾಬರಿಯಾಗದೆ ಓದು.

ಸಂಕ್ರಾಂತಿಯ ಮರುದಿನ ನನಗೆ ಗಂಟಲು ಕೆರೆಯಿತು. ಇಬ್ಬರಿಗೂ ಕೊರೊನಾ ಲಸಿಕೆ ಎರಡು ಡೋಸ್ ಆಗಿದೆಯಲ್ಲ, ಬರೀ ನೆಗಡಿ ಎಂದುಕೊಂಡು ಮಾಸ್ಕ್ ಕೂಡ ಇಲ್ಲದೆ ಅಪ್ಪನಿಗೆ ಊಟ ಬಡಿಸಿದೆ. ಮೂರನೆಯ ದಿನ ಅವರಿಗೆ ಜ್ವರ. ಇಬ್ಬರದೂ ಪಾಸಿಟಿವ್. ಸ್ಪಂದನಾ ಅತ್ತಿಗೆಯನ್ನು ಆಗಲೇ ಹಿಂದಿನ ಕೋಣೆಗೆ ಕಳಿಸಿದೆ. ಊರಿನವರಿಗೆ ಸೂಜಿ ಹಾಕಿ, ‘ಇನ್ನು ಕಾಯಿಲೆ ಹತ್ತಿರಕ್ಕೂ ಬರುವುದಿಲ್ಲ’ ಎಂದು ಕಳಿಸಿದ ನರ್ಸ್ ನಾನೇ ಅಲ್ಲವೇ? ಎದುರುಮನೆ ಸಣ್ಣಕ್ಕ ಬೀದಿಯಲ್ಲೇ ನಿಂತು, “ನರ್ಸಮ್ಮನ ಮನೆಗೇ ಬಂದ್ಬುಟ್ಟದೆ, ಇನ್ ನಾವ್ಯಾಕೆ ಚುಚ್ಚುಸ್ಕಬೇಕು?” ಅಂದಳು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಇನ್ನೆರಡು ದಿನಕ್ಕೆ ಅಪ್ಪನ ಆಕ್ಸಿಜನ್ ತೊಂಬತ್ತೊಂದಕ್ಕೆ ಇಳಿಯಿತು. ಮೊದಲೇ ಸಕ್ಕರೆ ಕಾಯಿಲೆಯ ದೇಹ. ಹಾಸನದವರೆಗೂ ಆಂಬುಲೆನ್ಸಿನಲ್ಲಿ ಅವರ ಬೆರಳಿನ ಮೇಲಿನ ಅಂಕಿಯನ್ನೇ ನೋಡುತ್ತ ಕೂತಿದ್ದೆ. “ಅಳಬ್ಯಾಡ ಕಣವ್ವ, ಉಸ್ರು ಬತ್ತಾ ಅದೆ” ಎಂದು ಅವರೇ ನನಗೆ ಸಮಾಧಾನ ಹೇಳಿದರು. ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: ಲಸಿಕೆ ಹಾಕಿಸಿ ತಿಂಗಳುಗಳು ಕಳೆದಂತೆ ಸೋಂಕು ತಗಲದಂತೆ ಕಾಯುವ ಶಕ್ತಿ ತಗ್ಗುತ್ತದೆ, ಈ ಹೊಸ ತಳಿ ಅದನ್ನು ಇನ್ನೂ ಸುಲಭವಾಗಿ ದಾಟಿ ಬರುತ್ತದೆ, ಆದರೆ ಬಂದದ್ದು ಪ್ರಾಣಕ್ಕೆ ಕುತ್ತಾಗದಂತೆ ಲಸಿಕೆ ಬಹುಮಟ್ಟಿಗೆ ತಡೆಯುತ್ತದೆ. ಮೂರು ದಿನ ಆಕ್ಸಿಜನ್ ಕೊಟ್ಟರು. ನಾಲ್ಕನೆಯ ದಿನ ಅಪ್ಪ ಮುದ್ದೆ ಕೇಳಿದರು.

ಊರಿಗೆ ಬಂದವಳೇ ಸಣ್ಣಕ್ಕನ ಜಗಲಿಗೆ ಹೋಗಿ, ನಾನು ಹೇಳಿದ್ದು ತಪ್ಪು, ಕಾಯಿಲೆ ಬರಬಹುದು, ಆದರೆ ಲಸಿಕೆ ಹಾಕಿಸಿದ್ದಕ್ಕೆ ಅಪ್ಪ ಉಳಿದರು ಎಂದೆ. ಅವಳು ನನ್ನ ಮುಖವನ್ನೇ ನೋಡಿ, “ಮೊದ್ಲೇ ಇಂಗೆ ಯೋಳಿದ್ರೆ ನಂಬ್ತಿದ್ದೆ” ಅಂದಳು. ಇನ್ನೂ ಹಾಕಿಸಿಕೊಂಡಿಲ್ಲ.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಕಿವಿಗೆ ಹತ್ತಿ ಇಟ್ಟುಕೋ.

ನಿನ್ನ ತಂಗಿ,
ಸೌಜನ್ಯ

ವಿ.ಸೂ.: ಕುಮಾರ್ ಬಾಗಿಲಲ್ಲಿ ಕಾಯುತ್ತಿದ್ದಾನೆ. ಅತ್ತಿಗೆಯ ಪರೀಕ್ಷೆ ನೆಗೆಟಿವ್ ಬಂದಿದೆ. ಆದರೆ ಅವರಿಗೀಗ ಏಳು ತಿಂಗಳು, ಒಂದು ಡೋಸೂ ಆಗಿಲ್ಲ. ಬಸುರಿಯಲ್ಲಿ ಬೇಡ ಎಂದು ನೀನೇ ಹೇಳಿದ್ದೆಯಂತೆ. ಬಸುರಿಯರು ಹಾಕಿಸಿಕೊಳ್ಳಲೇಬೇಕು ಎನ್ನುತ್ತಾರೆ ಡಾಕ್ಟರಮ್ಮ. “ಅವ್ರು ಹೂಂ ಅನ್ನದೆ ನಾ ಬರಕಿಲ್ಲ” ಎಂದು ಅತ್ತಿಗೆ ಕೂತಿದ್ದಾರೆ. ಪಕ್ಕದ ಮನೆಯಲ್ಲಿ ನಿನ್ನೆಯಿಂದ ಇಬ್ಬರಿಗೆ ಜ್ವರ. ಯಾರ ಫೋನ್ ಸಿಕ್ಕರೂ ಸರಿ, ಮೊದಲು ಅತ್ತಿಗೆಗೆ ಮಾಡು. ನನ್ನ ಮಾತು ತಪ್ಪೆಂದು ನಾನು ಹೇಳಿಯಾಯಿತು ಅಣ್ಣ. ಇನ್ನು ನೀನು ಹೇಳಬೇಕು.