ಹೊದಿಕೆ ಕಾಗದ ನಾಲ್ಕು

ಕಾಮಿಕ್ಸ್ ಉತ್ಸವದ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ಈ ವರ್ಷದಿಂದ ಉತ್ಸವದ ಆರು ಪ್ರಶಸ್ತಿಗಳನ್ನು ನಿಲ್ಲಿಸಿದ್ದೀರಿ. ಅವುಗಳಲ್ಲಿ ಐದರ ಬಗ್ಗೆ ತಕರಾರು ಮಾಡಲು ಬೇರೆಯವರಿದ್ದಾರೆ, ಅವರ ಗಂಟಲು ನನ್ನದಕ್ಕಿಂತ ದೊಡ್ಡದು. ನಾನು ಬರೆಯುತ್ತಿರುವುದು ಆರನೆಯದರ ಬಗ್ಗೆ, ಅಂದರೆ ಪಾತ್ರಗಳ ಮಾತನ್ನು ಕೈಯಲ್ಲಿ ಬರೆಯುವವರಿಗೆ ಕೊಡುತ್ತಿದ್ದ ಅಕ್ಷರ ಪ್ರಶಸ್ತಿಯ ಬಗ್ಗೆ. ಅದನ್ನು ನಿಲ್ಲಿಸಿದ್ದಷ್ಟೇ ಅಲ್ಲ, ಅದಕ್ಕೆಂದು ನಾವು ಕಳಿಸಿದ್ದ ಅಕ್ಷರಗಳನ್ನೂ ನಿಮ್ಮ ಕಚೇರಿ ಕಸಕ್ಕೆ ಹಾಕಿದೆ. ಮೊದಲನೆಯದು ನಿಮ್ಮ ಅಧಿಕಾರ ಎಂದು ಒಪ್ಪಿಕೊಳ್ಳೋಣ. ಎರಡನೆಯದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯುತ್ತಿಲ್ಲ.

ನಿಮ್ಮ ಪ್ರಕಟಣೆ ಒಂದೂವರೆ ಸಾಲಿನದು. ಉತ್ಸವವನ್ನು ಸಮಕಾಲೀನಗೊಳಿಸುವ ದೃಷ್ಟಿಯಿಂದ ಕೆಳಕಂಡ ವಿಭಾಗಗಳನ್ನು ಕೈಬಿಡಲಾಗಿದೆಯಂತೆ. ಯಾರು ಕೈಬಿಟ್ಟರು? ಯಾರನ್ನು ಕೇಳಿ? ಫೋನಿನಲ್ಲಿ ವಿಚಾರಿಸಿದಾಗ ನಿಮ್ಮ ಸಂಯೋಜಕಿ, "ಈಗೆಲ್ಲ ಕಂಪ್ಯೂಟರಲ್ಲೇ ಅಕ್ಷರ ಬರುತ್ತಲ್ಲ ಸರ್, ಪ್ರಶಸ್ತಿ ಯಾರಿಗೆ ಕೊಡೋದು?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಅದರ ಉತ್ತರ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಇಳಿಜಾರು ಮೇಜಿನ ಮುಂದೆ ಮೂವತ್ತೊಂದು ವರ್ಷ ಕೂತಿದೆ. ಅವಳು ನನ್ನ ಅಕ್ಕ.

ನಾನು ಚಿತ್ರ ಬರೆಯುತ್ತೇನೆ, ಅವಳು ಮಾತು ಬರೆಯುತ್ತಾಳೆ. ಆದರೆ ನನ್ನ ಹಾಳೆಯ ಮೇಲಲ್ಲ. ಚಿಕ್ಕಂದಿನಲ್ಲಿ ನಾನು ಬರೆದ ಒಂದು ಹಡಗಿನ ಮೇಲೆ ಅವಳು ಮಸಿ ಚೆಲ್ಲಿದ್ದಳು. ನಾನು ಎರಡು ದಿನ ಅನ್ನ ಬಿಟ್ಟು ರಂಪ ಮಾಡಿದ್ದೆ. "ಇನ್ನು ನಿನ್ನ ಚಿತ್ರದ ಮೇಲೆ ಕೈ ಇಡಲ್ಲ ಕಣೋ, ಊಟ ಮಾಡು" ಅಂದವಳು ಇವತ್ತಿನವರೆಗೂ ಇಟ್ಟಿಲ್ಲ. ಚಿತ್ರದ ಮೇಲೆ ಒಂದು ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆ ಟೇಪು ಹಚ್ಚಿ, ಕೆಳಗೆ ಕಾಣುವ ಮಾತಿನ ಖಾಲಿ ಗುಳ್ಳೆಗಳಿಗೆ ಸರಿಯಾಗಿ ಆ ಹಾಳೆಯ ಮೇಲೆ ಬರೆಯುತ್ತಾಳೆ. ಅಚ್ಚಿನಲ್ಲಿ ಎರಡೂ ಒಂದಾಗುತ್ತವೆ. ಬೇರೆ ಯಾರೂ ಹೀಗೆ ಮಾಡುವುದಿಲ್ಲವೆಂದು ಮುದ್ರಕರು ಗೊಣಗುತ್ತಾರೆ. ಅವರು ಗೊಣಗಿದಾಗಲೆಲ್ಲ ನಾನು ಆ ಹಡಗನ್ನು ನೆನೆಯುತ್ತೇನೆ.

ಅವಳ ಅಕ್ಷರ ಹೇಗಿರುತ್ತದೆಂದು ನಿಮಗೆ ಹೇಳಬೇಕು, ನೀವು ನೋಡುವ ಅವಕಾಶವನ್ನು ನಿಮ್ಮ ಕಚೇರಿ ಉಳಿಸಿಲ್ಲವಲ್ಲ. ಹೆದರಿದವನ ಮಾತಿನಲ್ಲಿ ಪದಗಳು ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಸುಳ್ಳು ಹೇಳುವವನ ಅಕ್ಷರ ಕೂದಲೆಳೆಯಷ್ಟು ಹಿಂದಕ್ಕೆ ವಾಲಿರುತ್ತದೆ. ಓದುವವರು ಅದನ್ನು ಗಮನಿಸುವುದಿಲ್ಲ, ಆದರೆ ಅವನನ್ನು ನಂಬುವುದೂ ಇಲ್ಲ. ನಿಮ್ಮ ಕಂಪ್ಯೂಟರಿಗೆ ಯಾರು ಸುಳ್ಳು ಹೇಳುತ್ತಿದ್ದಾರೆಂದು ಗೊತ್ತಾಗುತ್ತದೆಯೇ? ಗೊತ್ತಾಗುವಂತಿದ್ದರೆ ಆ ಒಂದೂವರೆ ಸಾಲಿನ ಪ್ರಕಟಣೆ ನೆಟ್ಟಗೆ ಅಚ್ಚಾಗುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ನಿಮ್ಮದೇ ವೇದಿಕೆಯ ಮೇಲೆ ನನಗೆ ಉತ್ತಮ ಪುಸ್ತಕದ ಪ್ರಶಸ್ತಿ ಬಂತು. ಮುದ್ರಕರಿಗೆ, ಪ್ರಕಾಶಕರಿಗೆ, ಮೈಕು ಸರಿಮಾಡಿದವರಿಗೂ ಧನ್ಯವಾದ ಹೇಳಿ ಕೆಳಗಿಳಿದೆ. ಮೂರನೇ ಸಾಲಿನಲ್ಲಿ ಕೂತಿದ್ದ ಅಕ್ಕನನ್ನು ಮರೆತೆ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಹೇಳಿದ್ದು ಇಷ್ಟೇ: "ಕಾಲರ್ ಮಡಚಿಕೊಂಡಿತ್ತು. ಸನ್ನೆ ಮಾಡ್ತಾನೇ ಇದ್ದೆ, ನೀನು ಈ ಕಡೆ ನೋಡ್ಲೇ ಇಲ್ಲ." ನಮ್ಮ ಹದಿನೇಳು ಪುಸ್ತಕಗಳಲ್ಲಿ ಎಲ್ಲೂ ಅವಳ ಹೆಸರಿಲ್ಲ. ಪ್ರಕಾಶಕರು ಹಾಕಲಿಲ್ಲ, ನಾನು ಹಾಕಿ ಎನ್ನಲಿಲ್ಲ. ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗೆಷ್ಟಿದೆ ಎಂಬುದೂ ನನಗೆ ಗೊತ್ತು.

ಅಕ್ಷರ ಪ್ರಶಸ್ತಿ ಶುರುವಾದಾಗಿನಿಂದ ಒಂಬತ್ತು ವರ್ಷವೂ ಕಳಿಸೋಣವೆಂದರೆ ಅವಳು ಮುಂದಿನ ಸಲ ನೋಡೋಣ ಎನ್ನುತ್ತಿದ್ದಳು. ಕಳೆದ ವರ್ಷ ಅವಳ ಬಲಗೈ ನಡುಗತೊಡಗಿತು. ಇದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದರು ವೈದ್ಯರು. ಆಗ ನಮ್ಮ ಹೊಸ ಪುಸ್ತಕದ ಕೊನೆಯ ನಾಲ್ಕು ಪುಟ ಬಾಕಿ ಇತ್ತು. ಒಬ್ಬ ಮುದುಕಿ ತನ್ನ ಹೊಲಿಗೆ ಯಂತ್ರವನ್ನು ಬೇರೆಯವರಿಗೆ ಕೊಡುವ ಮುಂಚೆ ಅದರ ಜೊತೆ ಮಾತಾಡುವ ಪುಟಗಳು. ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡು, ಕೈ ಸ್ವಲ್ಪ ಮಾತು ಕೇಳುವ ಬೆಳಗಿನ ಒಂದು ಗಂಟೆಯಲ್ಲಷ್ಟೇ ಕೂತು, ಹತ್ತೊಂಬತ್ತು ದಿನದಲ್ಲಿ ಮುಗಿಸಿದಳು. ಮುಗಿಸಿ, "ಇದನ್ನ ಕಳಿಸೋಣ ಕಣೋ" ಅಂದಳು. ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮೂಲಪ್ರತಿಯೇ ಬೇಕು, ನಕಲು ನಡೆಯುವುದಿಲ್ಲ ಎಂಬುದು ನಿಮ್ಮ ನಿಯಮ. ಅಂದೇ ಕೊನೆಯ ದಿನ. ಪ್ರತಿ ತೆಗೆದಿಟ್ಟುಕೊಳ್ಳದೆ ಓಡಿಹೋಗಿ ನಿಮ್ಮ ಕೆಳಮಹಡಿಯ ಕೌಂಟರಿನಲ್ಲಿ ಕೊಟ್ಟು, ರಸೀದಿಯನ್ನು ಓದದೆ ಜೇಬಿಗಿಳಿಸಿದೆ. ಎರಡು ತಿಂಗಳಾದ ಮೇಲೆ ಪ್ರಶಸ್ತಿ ನಿಂತಿತು, ಪೊಟ್ಟಣ ವಾಪಸು ಬಂತು. ಬಿಚ್ಚಿದರೆ ನನ್ನ ನಾಲ್ಕು ಚಿತ್ರಗಳು ಮಾತ್ರ. ಟೇಪನ್ನು ಚಿತ್ರಕ್ಕೆ ಚೂರೂ ಹಾನಿಯಾಗದಂತೆ ಬಿಡಿಸಿದ್ದರು. ಅಷ್ಟು ಜೋಪಾನ ಮಾಡಿದ್ದಕ್ಕೆ ಕೃತಜ್ಞತೆ ಹೇಳಬೇಕೇನೋ.

ಆ ರಸೀದಿಯನ್ನೇ ಜೇಬಿನಲ್ಲಿಟ್ಟುಕೊಂಡು ಮತ್ತೆ ಕೌಂಟರಿಗೆ ಹೋದೆ. ಗುಮಾಸ್ತರು ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. "ಮೇಲೊಂದು ಹಾಳೆ ಇತ್ತಲ್ಲ?" ಎಂದೆ.

"ಇತ್ತು ಸರ್. ಧೂಳು ಕೂರದೇ ಇರ್ಲಿ ಅಂತ ನೀವು ಹೊದಿಸಿದ್ದೀರಿ ಅನ್ಕೊಂಡೆ. ಹೊದಿಕೆ ಎಲ್ಲ ತೆಗೆದು ಚಿತ್ರ ಮಾತ್ರ ವಾಪಸ್ ಕಳಿಸಿ ಅಂತ ಆರ್ಡರ್ ಬಂದಿತ್ತು."

"ಅದರ ಮೇಲೆ ಬರೆದಿತ್ತಲ್ಲ?"

"ಬರೆದಿತ್ತು. ಆದ್ರೆ ಚಿತ್ರದ ಮೇಲೆ ಇರ್ಲಿಲ್ವಲ್ಲ ಸರ್." ಆಮೇಲೆ ತಗ್ಗಿದ ದನಿಯಲ್ಲಿ, "ರದ್ದಿ ಗಾಡಿ ಹೋದ ವಾರವೇ ಬಂದು ಹೋಯ್ತು" ಅಂದರು.

ಜೇಬಿನ ರಸೀದಿಯನ್ನು ಆಗ ತೆಗೆದು ಓದಿದೆ. ಚಿತ್ರ ನಾಲ್ಕು, ಹೊದಿಕೆ ಕಾಗದ ನಾಲ್ಕು. ಒಂಬತ್ತು ವರ್ಷ ಅಕ್ಷರಕ್ಕೆ ಪ್ರಶಸ್ತಿ ಕೊಟ್ಟ ಕಚೇರಿಯಲ್ಲಿ ಅಕ್ಷರ ಎಲ್ಲಿರುತ್ತದೆಂದು ಒಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲವೇ? ಗುಮಾಸ್ತರನ್ನು ನಾನು ದೂರುವುದಿಲ್ಲ. ಅವರು ಕಂಡದ್ದನ್ನು ಬರೆದರು, ನಾನು ಅದನ್ನೂ ಓದಲಿಲ್ಲ. ಅಷ್ಟಕ್ಕೂ ಚಿಕ್ಕಂದಿನಲ್ಲಿ ಆ ಹಡಗಿಗಾಗಿ ನಾನು ರಂಪ ಮಾಡದಿದ್ದರೆ ಆ ಮಾತುಗಳು ಚಿತ್ರದ ಮೇಲೇ ಇರುತ್ತಿದ್ದವು, ಕ್ಷೇಮವಾಗಿ ಮನೆಗೆ ಬರುತ್ತಿದ್ದವು.

ಅಕ್ಕನಿಗೆ ಹೇಳಿದೆ. ಅವಳು ಖಾಲಿ ಗುಳ್ಳೆಗಳ ನಾಲ್ಕು ಪುಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ಈಗ ನಿನ್ನ ಚಿತ್ರ ಪೂರ್ತಿ ಕಾಣುತ್ತೆ" ಅಂದಳು. ಮರುದಿನ ಹೊಸ ಹಾಳೆ ಹೊದಿಸಿ, ಮಣಿಕಟ್ಟಿಗೆ ಬಟ್ಟೆ ಕಟ್ಟಿ ಕೂತಳು. ಮುದುಕಿಯ ಮೊದಲ ಮಾತಿನ ಮೂರನೇ ಅಕ್ಷರಕ್ಕೆ ಲೇಖನಿ ಜಾರಿತು. ಹಾಳೆಯನ್ನು ಮಡಚಿಟ್ಟು ಅಡುಗೆಮನೆಗೆ ಹೋದಳು. ಆ ಮೇಜಿನ ಮುಂದೆ ಮತ್ತೆ ಕೂತಿಲ್ಲ. ನನಗೆ ಏನು ಮಾಡಲೂ ತೋಚುತ್ತಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಪ್ರಶಸ್ತಿಯನ್ನು ಮತ್ತೆ ಶುರುಮಾಡಿ ಎಂದು ಕೇಳುವುದಿಲ್ಲ, ನೀವು ಮಾಡುವುದಿಲ್ಲವೆಂದು ಗೊತ್ತು. ಹಾಳೆಗಳನ್ನು ಹುಡುಕಿಸಿ ಎಂದೂ ಕೇಳುವುದಿಲ್ಲ. ನನ್ನ ಬೇಡಿಕೆ ಒಂದೇ. ಇದರ ಜೊತೆ ಆ ರಸೀದಿಯನ್ನು ಲಗತ್ತಿಸಿದ್ದೇನೆ. ಹೊದಿಕೆ ಕಾಗದ ಎಂಬುದನ್ನು ಹೊಡೆದುಹಾಕಿ, ಅಕ್ಷರ, ನಾಲ್ಕು ಪುಟ ಎಂದು ಬರೆದು, ಪಕ್ಕದಲ್ಲಿ ಅವಳ ಹೆಸರು (ಜೊತೆಗಿಟ್ಟ ಚೀಟಿಯಲ್ಲಿದೆ) ಹಾಕಿ, ಸಹಿ ಮಾಡಿ ಕಳಿಸಿ. ಮೂವತ್ತೊಂದು ವರ್ಷದ ಕೆಲಸಕ್ಕೆ ಅವಳ ಹೆಸರಿರುವ ಕಾಗದ ಅದೊಂದೇ ಆಗುತ್ತದೆ. ದಯವಿಟ್ಟು ಟೈಪು ಮಾಡಿಸಬೇಡಿ, ನೀವೇ ಕೈಯಲ್ಲಿ ಬರೆಯಿರಿ. ಬರೆಯುವಾಗ ಜೋಪಾನ, ಓದುವವಳು ನನ್ನ ಅಕ್ಕ. ಕೂದಲೆಳೆಯಷ್ಟು ಹಿಂದಕ್ಕೆ ವಾಲಿದರೂ ಅವಳಿಗೆ ಗೊತ್ತಾಗುತ್ತದೆ.

ಇಂತಿ,
ಮಾತಿಲ್ಲದ ನಾಲ್ಕು ಪುಟಗಳ ಚಿತ್ರಕಾರ,
ಅಕ್ಕನ ಕಡೆ ನೋಡದೇ ಹೋದ ತಮ್ಮ